ಹಿತ್ತಲ ಬಾವಿಗೆ ಸರ್ಕಾರದ ನೆರವು ಏಕೆ ಬೇಕು

ಬಡ ಕುಟುಂಬವೊಂದು ಸೂರು ಕಟ್ಟಿಕೊಳ್ಳಲು ಹೊರಟರೆ ಸರ್ಕಾರ ಹಣ ಕೊಡುತ್ತದೆ. ಅದೇ ಮನೆಯ ಹಿತ್ತಲಲ್ಲಿ ಶೌಚಾಲಯ ಕಟ್ಟಿಸಿದರೆ ಸ್ವಚ್ಛ ಭಾರತ ಯೋಜನೆಯಡಿ 12,000 ರೂಪಾಯಿ ಪ್ರೋತ್ಸಾಹಧನ ಸಿಗುತ್ತದೆ. ಅಡುಗೆಮನೆಯ ಹೊಗೆ ತಪ್ಪಿಸಲು 2016ರಿಂದ ಉಜ್ವಲಾ ಯೋಜನೆ ಇದೆ. ಸೂರು, ಶೌಚಾಲಯ, ಒಲೆ ಮೂರೂ ಒಬ್ಬರ ಸ್ವಂತ ಆವರಣದೊಳಗಿನ ಸಂಗತಿಗಳೇ. ಆದರೂ ಅವುಗಳಿಗೆ ಸಾರ್ವಜನಿಕ ಹಣ ಖರ್ಚು ಮಾಡುವುದು ತಪ್ಪೆಂದು ಯಾರೂ ವಾದಿಸುವುದಿಲ್ಲ. ಒಂದು ಮನೆಯ ಆರೋಗ್ಯ ಇಡೀ ಊರಿನ ಆರೋಗ್ಯದ ಭಾಗವೆಂದು ನಾವು ಒಪ್ಪಿಕೊಂಡಾಗಿದೆ. ಅದೇ ಹಿತ್ತಲಲ್ಲಿರುವ ಬಾವಿಯ ಮಾತು ಬಂದಾಗ ಮಾತ್ರ ಈ ತರ್ಕ ನಿಂತುಹೋಗುತ್ತದೆ. ಐದಾರು ಗುಂಟೆ ಜಾಗ, ಒಂದು ಪುಟ್ಟ ಮನೆ, ಏಪ್ರಿಲ್ ಹೊತ್ತಿಗೆ ತಳ ಕಾಣುವ ಒಂದು ಬಾವಿ ಇಷ್ಟೇ ಇರುವ ಕುಟುಂಬ ಆ ಬಾವಿಯನ್ನು ಆಳ ಮಾಡಿಸಲು, ರಿಂಗ್ ಇಳಿಸಲು ಅಥವಾ ಹೊಸದಾಗಿ ತೋಡಿಸಲು ನೆರವು ಕೇಳಿ ಹೋದರೆ ನೆಟ್ಟಗೆ ಅರ್ಜಿ ಹಾಕಬಹುದಾದ ಯೋಜನೆ ಸಿಗುವುದು ಕಷ್ಟ. ಉಳಿಯುವುದು ಕೈಸಾಲ, ಸಂಘದ ಸಾಲ, ಇಲ್ಲವೇ ಅಡವಿಡುವ ಒಡವೆ. ಮನೆಬಾವಿಗೆ ಸಾರ್ವಜನಿಕ ಹಣದ ನೆರವು ನ್ಯಾಯವಾದದ್ದು ಮತ್ತು ಅಗತ್ಯವಾದದ್ದು ಎಂಬುದು ಈ ಲೇಖನದ ವಾದ. ಆದರೆ ಆ ಹಣ ನೆಲವನ್ನು ಕೊರೆಯುವ ಕೆಲಸಕ್ಕೆ ಸಿಗುವ ಬಹುಮಾನವಾಗಬಾರದು. ವರ್ಷವಿಡೀ ಕುಡಿಯಲು ಯೋಗ್ಯವಾದ ನೀರಿಗೆ ಅದು ಸಂದಾಯವಾಗಬೇಕು.

ಈಗಿರುವ ನೆರವು ಯಾವ ಬಗೆಯದೆಂದು ಮೊದಲು ನೋಡೋಣ. ಕರ್ನಾಟಕದಲ್ಲಿ ಬಾವಿಯ ಸಹಾಯಧನ ಎಂದೊಡನೆ ನೆನಪಾಗುವುದು ಗಂಗಾ ಕಲ್ಯಾಣ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಅಭಿವೃದ್ಧಿ ನಿಗಮಗಳು ಇದನ್ನು ನಡೆಸುತ್ತವೆ. ಇತ್ತೀಚಿನ ವರ್ಷಗಳ ಆದೇಶಗಳ ಪ್ರಕಾರ ಬೆಂಗಳೂರು ನಗರ ಮತ್ತು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಜಿಲ್ಲೆಗಳಲ್ಲಿ ಒಂದು ಘಟಕಕ್ಕೆ 4.75 ಲಕ್ಷ ರೂಪಾಯಿ, ಉಳಿದ ಜಿಲ್ಲೆಗಳಲ್ಲಿ 3.75 ಲಕ್ಷ ರೂಪಾಯಿ ನಿಗದಿಯಾಗಿದೆ; ಇದರಲ್ಲಿ 50,000 ರೂಪಾಯಿ ಸಾಲ, ಉಳಿದದ್ದು ಸಹಾಯಧನ. ಸಣ್ಣ ಹಿಡುವಳಿದಾರರ ಬದುಕಿನಲ್ಲಿ ಈ ಯೋಜನೆಯ ಪಾತ್ರ ದೊಡ್ಡದು. ಆದರೆ ಇದರ ಉದ್ದೇಶ ನೀರಾವರಿ. ಪಹಣಿಯಲ್ಲಿ ನಿಗದಿತ ವಿಸ್ತೀರ್ಣದ ಜಮೀನು ಇದ್ದವರು ಮಾತ್ರ ಅರ್ಹರು. ಜಮೀನಿಲ್ಲದೆ ಬರೀ ಮನೆ ನಿವೇಶನ ಇರುವ ಕೂಲಿ ಕುಟುಂಬ, ಅಂದರೆ ನೀರಿಗೆ ಎಲ್ಲರಿಗಿಂತ ಹೆಚ್ಚು ಪರದಾಡುವ ಕುಟುಂಬ, ಇದರ ಹೊರಗೇ ಉಳಿಯುತ್ತದೆ. 2005ರ ನರೇಗಾ ಕಾಯ್ದೆಯಡಿ ವೈಯಕ್ತಿಕ ಕಾಮಗಾರಿಯಾಗಿ ತೆರೆದ ಬಾವಿಗೆ ಅವಕಾಶ ಸಿಕ್ಕಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಹಲವು ಕುಟುಂಬಗಳು ಅದನ್ನು ಚೆನ್ನಾಗಿಯೇ ಬಳಸಿಕೊಂಡವು. ಆದರೆ ಅದು ಮೂಲತಃ ಉದ್ಯೋಗದ ಕಾರ್ಯಕ್ರಮ. ಖರ್ಚಿನಲ್ಲಿ ಶೇ 60 ಕೂಲಿಗೆ, ಶೇ 40 ಸಾಮಗ್ರಿಗೆ ಎಂಬ ಲೆಕ್ಕಾಚಾರದೊಳಗೆ ನಡೆಯಬೇಕಿತ್ತು. ಅಗೆಯುವಾಗ ಬಂಡೆ ಅಡ್ಡ ಬಂದರೆ, ಮಣ್ಣು ಕುಸಿಯತೊಡಗಿ ರಿಂಗ್ ಬೇಕಾದರೆ, ಕಲ್ಲು ಕಟ್ಟಿಸಬೇಕಾದರೆ ಕೂಲಿಯ ಲೆಕ್ಕ ಸಾಲುವುದಿಲ್ಲ. ಇನ್ನು 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂದು ಹೆಸರಾದದ್ದು, ನಲ್ಲಿಗೆ ಹಣ ಕೊಡುತ್ತದೆಯೇ ಹೊರತು ಹಿತ್ತಲ ಬಾವಿಗಲ್ಲ. ಹೀಗೆ ಹೊಲದ ಬಾವಿಗೆ ಒಂದು ದಾರಿ, ಊರ ನಲ್ಲಿಗೆ ಇನ್ನೊಂದು ದಾರಿ ಇದ್ದು, ಮನೆಯ ಬಾವಿ ಎರಡರ ನಡುವೆ ಅನಾಥವಾಗಿದೆ.

ನೆರವಿಲ್ಲದ ಕಡೆ ಕುಟುಂಬಗಳು ತಾವೇ ಅಪಾಯಕ್ಕೆ ಕೈಹಾಕುತ್ತವೆ. ಆ ಅಪಾಯದ ಸ್ವರೂಪ ತಿಳಿಯಲು ನಮ್ಮ ಕಾಲ ಕೆಳಗಿನ ನೆಲವನ್ನು ಅರಿಯಬೇಕು. ಕರ್ನಾಟಕದ ಬಹುಭಾಗ ಗಟ್ಟಿ ಶಿಲೆಯ ನಾಡು: ದಕ್ಷಿಣದಲ್ಲಿ ಗ್ರಾನೈಟ್ ಮತ್ತು ನೈಸ್, ಉತ್ತರದ ಒಂದು ಭಾಗದಲ್ಲಿ ಬಸಾಲ್ಟ್, ಕರಾವಳಿಯಲ್ಲಿ ಮುರಕಲ್ಲು. ಗಟ್ಟಿ ಶಿಲೆಯಲ್ಲಿ ನೀರು ಮುಖ್ಯವಾಗಿ ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ. ಅದರ ಕೆಳಗೆ ಇರುವುದು ಬಿರುಕುಗಳ ನೀರು ಮಾತ್ರ. ಕೊಳವೆಬಾವಿಯ ಆರೂವರೆ ಇಂಚಿನ ತೂತು ಬಿರುಕಿಗೆ ಸಿಕ್ಕರೆ ನೀರು, ಒಂದೆರಡು ಮಾರು ಆಚೆ ಹೋದರೆ ಬರೀ ದೂಳು. ರಿಗ್ ಬಂದು ನಿಂತ ಮೇಲೆ ಲೆಕ್ಕ ಅಡಿಗಳಲ್ಲಿ ಓಡುತ್ತದೆ. ಆಳ ಹೆಚ್ಚಿದಂತೆ ಅಡಿಯೊಂದರ ದರವೂ ಏರುತ್ತದೆ, ಕೇಸಿಂಗ್ ಪೈಪಿನ ಹಣ ಬೇರೆ. ಇನ್ನೂರು ಅಡಿಗೆ ನೀರು ಬರಲಿಲ್ಲವೆಂದರೆ ಇಷ್ಟು ಖರ್ಚಾಯಿತಲ್ಲ, ಇನ್ನೊಂದು ನೂರು ಅಡಿ ಹೋಗೋಣ ಎನಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟುವುದು ಈಗ ಸುದ್ದಿಯೇ ಅಲ್ಲ. ಕೊನೆಗೆ ನೀರು ಬಾರದಿದ್ದರೂ ರಿಗ್ಗಿನವರ ಹಣ ಅಲ್ಲೇ ಎಣಿಸಿಕೊಡಬೇಕು. ಈ ವ್ಯವಹಾರದಲ್ಲಿ ಕೊರೆಯುವವರಿಗೆ ನಷ್ಟವಿಲ್ಲ, ಸಾಲ ಕೊಟ್ಟವರಿಗೂ ನಷ್ಟವಿಲ್ಲ. ನೆಲದೊಳಗಿನ ಅನಿಶ್ಚಿತತೆಯ ಪೂರ್ತಿ ಬೆಲೆ ತೆರುವುದು ಆ ಒಂದು ಮನೆ. ಸಾವಿರಾರು ಕುಟುಂಬಗಳ ಮೇಲೆ ಹಂಚಿಹೋದರೆ ಹಗುರವಾಗುವ ಈ ಹೊರೆ ಒಂದೇ ಕುಟುಂಬದ ಮೇಲೆ ಬಿದ್ದಾಗ ಆ ಕುಟುಂಬ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತದೆ. ಒಬ್ಬರಿಂದ ಹೊರಲಾಗದ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದೇ ಸಾರ್ವಜನಿಕ ಹಣಕಾಸಿನ ಮೂಲ ಕೆಲಸ. ಮನೆಬಾವಿಗೆ ನೆರವು ಬೇಕೆನ್ನಲು ಇದು ಮೊದಲ ಕಾರಣ.

ಎರಡನೆಯ ಕಾರಣ ಆಕಾಶದ ಲೆಕ್ಕದಲ್ಲಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಬಡವರ ಐನೂರು ಚದರಡಿಯ ಹೆಂಚಿನ ಮನೆಯೊಂದನ್ನು ತೆಗೆದುಕೊಳ್ಳಿ. ಮಾಡಿನ ಮೇಲೆ ಬಿದ್ದ ನೀರಿನಲ್ಲಿ ಐದರಲ್ಲಿ ಒಂದು ಪಾಲು ವ್ಯರ್ಥವಾಯಿತೆಂದರೂ ಉಳಿಯುವುದು ಸುಮಾರು ಒಂದೂವರೆ ಲಕ್ಷ ಲೀಟರ್. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿದೆ. ಆ ಪ್ರಕಾರ ಐವರ ಕುಟುಂಬಕ್ಕೆ ದಿನಕ್ಕೆ 275 ಲೀಟರ್, ವರ್ಷಕ್ಕೆ ಒಂದು ಲಕ್ಷ ಲೀಟರ್ ಸಾಕು. ಅಂದರೆ ಅಗತ್ಯಕ್ಕಿಂತ ಹೆಚ್ಚು ನೀರು ಆ ಮನೆಯ ಸೂರಿನಿಂದಲೇ ಇಳಿದು ಅಂಗಳ ದಾಟಿ ತೋಡು ಸೇರುತ್ತಿದೆ. ಹಾಗಿದ್ದೂ ಅಲ್ಲಿನ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬತ್ತುವುದೇಕೆ? ಮುರಕಲ್ಲಿನ ನೆಲ ಮಳೆಗಾಲದಲ್ಲಿ ಬೇಗ ನೀರು ಕುಡಿಯುತ್ತದೆ, ಅಷ್ಟೇ ಬೇಗ ಇಳಿಜಾರಿನತ್ತ ಬಿಟ್ಟುಕೊಡುತ್ತದೆ. ಸೆಪ್ಟೆಂಬರಿನಲ್ಲಿ ಕೈಗೆಟಕುವಂತಿದ್ದ ನೀರು ಮಾರ್ಚ್ ಹೊತ್ತಿಗೆ ಪಾತಾಳ ಸೇರುತ್ತದೆ. ಎಂಟು ಅಡಿ ವ್ಯಾಸದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 1,400 ಲೀಟರ್, ಐವರ ಮನೆಗೆ ಐದು ದಿನದ ನೀರು. ಆದ್ದರಿಂದ ಬೇಸಿಗೆಯ ಕೊನೆಯಲ್ಲಿ ಬಾವಿಯಲ್ಲಿ ನಾಲ್ಕೈದು ಅಡಿ ನೀರು ಹೆಚ್ಚು ಉಳಿಯುವಂತೆ ಮಾಡಿದರೆ, ಜೊತೆಗೆ ಸೆಲೆಯೂ ಸಣ್ಣಗೆ ಒಸರುತ್ತಿದ್ದರೆ, ಮೇ ತಿಂಗಳ ಟ್ಯಾಂಕರ್ ತಪ್ಪುತ್ತದೆ. ತಳದ ಹೂಳು ಎತ್ತುವುದು, ಕುಸಿದ ಕಡೆ ರಿಂಗ್ ಇಳಿಸುವುದು, ಇನ್ನೂ ಕೆಲವು ಅಡಿ ಆಳ ಮಾಡುವುದು, ಮಾಡಿನ ನೀರನ್ನು ಸೋಸಿ ಬಾವಿಗೆ ಇಳಿಸುವುದು, ಮೇಲ್ಭಾಗದಲ್ಲಿ ಇಂಗುಗುಂಡಿ ತೋಡುವುದು, ಇಷ್ಟು ಕೆಲಸಕ್ಕೆ ಬೇಕಾಗುವ ಹಣ ಆಳದ ಕೊಳವೆಬಾವಿಯೊಂದರ ಖರ್ಚಿನ ಸಣ್ಣ ಪಾಲು ಮಾತ್ರ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ತೆರೆದ ಬಾವಿಗಳು ದಟ್ಟವಾಗಿರುವ ಕೇರಳದ ತ್ರಿಶ್ಶೂರ್ ಜಿಲ್ಲೆಯಲ್ಲಿ 2008ರಲ್ಲಿ 'ಮಳಪ್ಪೊಲಿಮ' ಎಂಬ ಕಾರ್ಯಕ್ರಮ ಶುರುವಾಯಿತು. ಮನೆಯ ಚಾವಣಿಯ ಮಳೆನೀರನ್ನು ಮರಳು, ಜಲ್ಲಿ, ಇದ್ದಿಲಿನ ಸೋಸುಕದ ಮೂಲಕ ಅದೇ ಮನೆಯ ಬಾವಿಗೆ ಇಳಿಸುವುದು ಅದರ ತಿರುಳು. ಜಿಲ್ಲಾಡಳಿತ ಮುಂದೆ ನಿಂತು, ಬಡ ಕುಟುಂಬಗಳಿಗೆ ಸಹಾಯಧನ ಕೊಟ್ಟು ಸಾವಿರಾರು ಬಾವಿಗಳಿಗೆ ಇದನ್ನು ಅಳವಡಿಸಿತು. ಅದೇ ರಾಜ್ಯದ ಪಾಲಕ್ಕಾಡ್ ಜಿಲ್ಲೆಯ ಪೂಕ್ಕೋಟ್ಟುಕಾವು ಪಂಚಾಯಿತಿಯಲ್ಲಿ ನರೇಗಾ ಅಡಿ ಮಹಿಳೆಯರೇ ಗುಂಪು ಕಟ್ಟಿಕೊಂಡು ಬಾವಿಗಳನ್ನು ತೋಡಿದರು. ನಮ್ಮಲ್ಲೂ ಈ ಜ್ಞಾನ ಕಳೆದುಹೋಗಿಲ್ಲ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಮಣ್ಣು ವಡ್ಡರ ಸಮುದಾಯದವರು ಬೆಂಗಳೂರಿನ ಸುತ್ತ ಇಂದಿಗೂ ತೆರೆದ ಬಾವಿ, ಇಂಗುಬಾವಿ ತೋಡುತ್ತಿದ್ದಾರೆ. ಹೂಳೆತ್ತುವ, ರಿಂಗ್ ಇಳಿಸುವ ಕೆಲಸಕ್ಕೆ ಕೊಟ್ಟ ಹಣ ಬಹುಪಾಲು ಇಂಥ ಕೈಗಳಿಗೆ ಕೂಲಿಯಾಗಿ ಸೇರುತ್ತದೆ, ಊರಿನಲ್ಲೇ ಉಳಿಯುತ್ತದೆ. ಆದ್ದರಿಂದ ನೆರವಿಗೊಂದು ಕ್ರಮ ಇರಬೇಕು. ಮೊದಲು ಇರುವ ಬಾವಿಯ ಪರೀಕ್ಷೆ, ಆಮೇಲೆ ದುರಸ್ತಿ, ಆಮೇಲೆ ಮಳೆನೀರಿನ ಜೋಡಣೆ, ಅದರಿಂದಲೂ ಆಗದಿದ್ದರೆ ಹೊಸ ತೆರೆದ ಬಾವಿ. ಕೊಳವೆಬಾವಿ ಕಟ್ಟಕಡೆಯ ಆಯ್ಕೆ. ಈ ಕ್ರಮ ಎಲ್ಲ ಕಡೆ ಒಂದೇ ಫಲ ಕೊಡುತ್ತದೆಂದು ಹೇಳಲಾಗದು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಬಯಲುಸೀಮೆಯಲ್ಲಿ ಅದೇ ಐನೂರು ಚದರಡಿ ಮನೆ ಕೊಡುವುದು ಸುಮಾರು 26,000 ಲೀಟರ್, ಮೂರು ತಿಂಗಳ ನೀರು. ಅಲ್ಲಿ ಮನೆಬಾವಿ ಒಂದೇ ಸಾಲದು. ಕೆರೆಯ ಹೂಳೆತ್ತುವುದರಿಂದ ಹಿಡಿದು ಬೆಳೆಯ ಆಯ್ಕೆಯವರೆಗೆ ಊರಿನ ನೀರಿನ ಲೆಕ್ಕವೇ ಬದಲಾಗಬೇಕು. ಆದರೆ ಮೂರು ತಿಂಗಳ ನೀರೂ ಟ್ಯಾಂಕರಿಗೆ ಕಾಯುವ ಮನೆಗೆ ಕಡಿಮೆಯದೇನಲ್ಲ.

ನೀರು ಇದ್ದರಷ್ಟೇ ಸಾಲದು, ಅದು ಕುಡಿಯುವಂತಿರಬೇಕು. ಸ್ವಂತ ಬಾವಿಯ ನೀರು ಅಮೃತವೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಆದರೆ ಪರೀಕ್ಷೆಗಳು ಬೇರೆಯದನ್ನೇ ಹೇಳುತ್ತವೆ. ಕೇರಳದ ತೆರೆದ ಬಾವಿಗಳಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪದೇ ಪದೇ ಕಂಡಿದೆ; ಕಾರಣಗಳಲ್ಲಿ ಒಂದು ಹತ್ತಿರದ ಶೌಚಗುಂಡಿ. ನಮ್ಮ ಹಳ್ಳಿಗಳಲ್ಲೂ ಸರ್ಕಾರದ ಪ್ರೋತ್ಸಾಹಧನದಿಂದಲೇ ಶೌಚಗುಂಡಿಗಳು ಹಿತ್ತಲಿಗೆ ಬಂದವು. ಪುಟ್ಟ ನಿವೇಶನದಲ್ಲಿ ಗುಂಡಿಗೂ ಬಾವಿಗೂ ನಡುವೆ ಐವತ್ತು ಅಡಿ ಅಂತರ ಬಿಡುವುದು ಹಲವರಿಗೆ ಆಗದ ಮಾತು. ಗುಂಡಿಗೆ ಹಣ ಕೊಟ್ಟ ಸರ್ಕಾರಕ್ಕೆ ಪಕ್ಕದ ಬಾವಿಯ ನೀರನ್ನು ಕಾಯುವ ಹೊಣೆಯೂ ಇದೆ. ಇನ್ನು ಆಳದ ಕೊಳವೆಬಾವಿಗಳದು ಬೇರೆ ಸಮಸ್ಯೆ. ಫ್ಲೋರೈಡ್ ಅಂಶಕ್ಕೆ ಭಾರತೀಯ ಮಾನದಂಡ ಲೀಟರಿಗೆ 1 ಮಿಲಿಗ್ರಾಂ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರುತ್ತದೆ; ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಪರೀಕ್ಷೆ ಮಾಡದೆ ಹಣ ಕೊಟ್ಟರೆ ಸರ್ಕಾರ ತಾನೇ ರೋಗಕ್ಕೆ ಸಹಾಯಧನ ಕೊಟ್ಟಂತಾಗುತ್ತದೆ. ಈ ವಿಷಯದಲ್ಲಿ ಐರ್ಲೆಂಡಿನ ಮಾದರಿ ಗಮನಿಸತಕ್ಕದ್ದು. ಸಾರ್ವಜನಿಕ ನೀರಿನ ಸಂಪರ್ಕವಿಲ್ಲದ ಮನೆಗಳಿಗೆ ಅಲ್ಲಿ ಸ್ಥಳೀಯ ಆಡಳಿತದ ಮೂಲಕ ಮನೆಬಾವಿಯ ಅನುದಾನ ಸಿಗುತ್ತದೆ. 2020ರಲ್ಲಿ ಪರಿಷ್ಕರಿಸಿದ ನಿಯಮದಂತೆ ಹಳೆಯ ಬಾವಿಯ ದುರಸ್ತಿಗೆ ಖರ್ಚಿನ ಶೇ 85ರಷ್ಟು, 3,000 ಯೂರೊ ಮೀರದಂತೆ; ಹೊಸ ಬಾವಿಗೆ 5,000 ಯೂರೊವರೆಗೆ; ನೀರಿನ ಶುದ್ಧೀಕರಣ ಉಪಕರಣಕ್ಕೆ 1,000 ಯೂರೊವರೆಗೆ ಪೂರ್ತಿ ಖರ್ಚು. ನೀರನ್ನು ಶುದ್ಧ ಮಾಡುವ ಕೆಲಸಕ್ಕೆ ಮಾತ್ರ ಪೂರ್ತಿ ಹಣ ಕೊಡುವುದರ ಹಿಂದಿನ ವಿವೇಕ ನಮಗೂ ಸಲ್ಲುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಂಭೀರವಾದದ್ದು ಇದು: ನೀರು ಎಲ್ಲರದು, ಖಾಸಗಿ ಬಾವಿಗೆ ಸಾರ್ವಜನಿಕ ಹಣ ಕೊಟ್ಟರೆ ಸಾಮುದಾಯಿಕ ಸಂಪತ್ತನ್ನು ಬೇಲಿಯೊಳಗೆ ಹಾಕಿದಂತಲ್ಲವೇ? ಅದೂ ಬಾವಿಯ ಸುತ್ತ ಜಾತಿಯ ಗೆರೆ ಎಳೆದ ಸಮಾಜದಲ್ಲಿ? 1927ರಲ್ಲಿ ಅಂಬೇಡ್ಕರ್ ಅವರು ಮಹಾಡದ ಕೆರೆಯ ನೀರು ಮುಟ್ಟಲು ಚಳವಳಿಯನ್ನೇ ನಡೆಸಬೇಕಾದ ದೇಶ ಇದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು, ಆದರೆ ಅದೇ ಇತಿಹಾಸ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಊರ ಬಾವಿ ಎಂಬುದು ಎಂದೂ ಎಲ್ಲರ ಬಾವಿಯಾಗಿರಲಿಲ್ಲ. ಕೊಡ ಹಿಡಿದು ದೂರ ನಿಂತು ಇನ್ನೊಬ್ಬರು ನೀರು ಸೇದಿ ಹೊಯ್ಯಲೆಂದು ಕಾದ ಕುಟುಂಬಕ್ಕೆ ಸ್ವಂತ ಬಾವಿ ಆಸ್ತಿಗಿಂತ ಮಿಗಿಲಾಗಿ ಘನತೆಯ ಪ್ರಶ್ನೆ. ಹಾಗಾಗಿ ನೆರವಿನ ಸಾಲಿನಲ್ಲಿ ದಲಿತ ಕೇರಿಗಳು, ಆದಿವಾಸಿ ಹಾಡಿಗಳು, ಒಂಟಿ ಮಹಿಳೆಯರ ಮನೆಗಳು ಮೊದಲು ನಿಲ್ಲಬೇಕು. ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಭಾಗಶಃವೋ ನಿರ್ವಹಣೆಯಾಗುವ ಬಾವಿ, ಕೆರೆಗಳ ಬಳಕೆಗೆ ಜಾತಿ, ಧರ್ಮದ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15(2) ವಿಧಿ ಹೇಳುತ್ತದೆ. ಆ ತತ್ವವನ್ನೇ ನೆರವಿನ ಷರತ್ತಾಗಿ ಬರೆಯಬಹುದು: ಸಾರ್ವಜನಿಕ ಹಣ ಪಡೆದ ಬಾವಿ, ಬರ ಘೋಷಣೆಯಾದ ತಿಂಗಳುಗಳಲ್ಲಿ ನೆರೆಹೊರೆಯವರ ಕುಡಿಯುವ ನೀರಿಗೆ ತೆರೆದಿರಬೇಕು. ಇದಕ್ಕೆ ಒಪ್ಪದವರು ತಮ್ಮ ಹಣದಲ್ಲಿ ತೋಡಿಸಿಕೊಳ್ಳಲಿ.

ಅಂತರ್ಜಲ ಬರಿದಾಗುತ್ತಿರುವಾಗ ಬಾವಿಗೆ ಹಣ ಕೊಡುವುದು ಆತ್ಮಘಾತುಕವೆಂಬುದು ಇನ್ನೊಂದು ಆಕ್ಷೇಪ. ನಮ್ಮ ಕಾನೂನಿನಲ್ಲಿ ಇಂದಿಗೂ 1882ರ ಈಸ್‌ಮೆಂಟ್ ಕಾಯ್ದೆಯ ನೆರಳಿದೆ. ನೆಲದ ಒಡೆಯ ತನ್ನ ಗಡಿಯೊಳಗೆ ಎಷ್ಟು ನೀರನ್ನಾದರೂ ಎತ್ತಬಹುದೆಂಬ ಭಾವನೆ ಅಲ್ಲಿಂದ ಬಂದದ್ದು. ಅದಕ್ಕೆ ಕಡಿವಾಣ ಹಾಕಲು ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ತಂದಿತು. ಹಾಗಿರುವಾಗ ಬಾವಿಗಳ ಸಂಖ್ಯೆ ಹೆಚ್ಚಿಸುವುದು ಸರಿಯೇ ಎಂಬ ಪ್ರಶ್ನೆ ಸಹಜ. ಆದರೆ ಅಂತರ್ಜಲವನ್ನು ಬರಿದು ಮಾಡುತ್ತಿರುವುದು ಮನೆಯ ಬಿಂದಿಗೆಯಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜಿನಂತೆ ದೇಶದಲ್ಲಿ ನೆಲದಿಂದ ಎತ್ತುವ ನೀರಿನಲ್ಲಿ ಶೇ 87ರಷ್ಟು ಹೋಗುವುದು ಕೃಷಿಗೆ. ಅಲ್ಲದೆ ತೆರೆದ ಬಾವಿಗೆ ತನ್ನದೇ ಒಂದು ಶಿಸ್ತಿದೆ. ಮೇಲಿನ ಪದರದ ನೀರನ್ನಷ್ಟೇ ಅದು ಕೊಡುತ್ತದೆ. ಹೆಚ್ಚು ಎತ್ತಿದರೆ ತಳ ಕಣ್ಣಿಗೆ ಕಾಣುತ್ತದೆ, ಬಳಸುವವರು ತಾವಾಗಿ ಕೈ ಬಿಗಿ ಹಿಡಿಯುತ್ತಾರೆ. ಕೊಳವೆಬಾವಿಯ ಬಾಯಿ ಮುಚ್ಚಿರುತ್ತದೆ. ನೀರು ಇಳಿದದ್ದು ಪಂಪು ಗಾಳಿ ಉಗುಳಿದ ದಿನವೇ ತಿಳಿಯುವುದು. ಈ ವ್ಯತ್ಯಾಸವನ್ನು ನೆರವಿನ ನಿಯಮ ಗುರುತಿಸಬೇಕು. ಅತಿಬಳಕೆಯ ತಾಲ್ಲೂಕುಗಳಲ್ಲಿ ಹೊಸದಾಗಿ ಕೊರೆಯಲು ಒಂದು ರೂಪಾಯಿಯನ್ನೂ ಕೊಡದೆ ಹಣವೆಲ್ಲ ದುರಸ್ತಿಗೆ, ಮರುಪೂರಣಕ್ಕೆ ಹೋಗಬೇಕು. ಹಾಗೆ ಮಾಡಿದಾಗ ನೆರವು ಪಡೆದ ಪ್ರತಿ ಮನೆಯೂ ನೆಲಕ್ಕೆ ನೀರು ಮರಳಿಸುವ ಕೇಂದ್ರವಾಗುತ್ತದೆ.

ನಲ್ಲಿ ಬಂದ ಮೇಲೆ ಬಾವಿ ಯಾಕೆ ಎಂದು ಕೇಳುವವರೂ ಇದ್ದಾರೆ. ನಲ್ಲಿ ಬೇಕು, ಹೆಂಗಸರ ತಲೆಯ ಮೇಲಿನ ಕೊಡ ಇಳಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಎಷ್ಟೋ ಹಳ್ಳಿಗಳಲ್ಲಿ ನಲ್ಲಿಯ ಹಿಂದಿರುವುದೂ ಊರಾಚೆಯ ಕೊಳವೆಬಾವಿಯೇ. ಆ ಒಂದು ಮೂಲ ಬತ್ತಿದರೆ, ಪಂಪು ಸುಟ್ಟರೆ, ವಿದ್ಯುತ್ ಬಾಕಿ ಬೆಳೆದರೆ ಊರಿನ ಎಲ್ಲ ನಲ್ಲಿಗಳೂ ಒಟ್ಟಿಗೆ ಒಣಗುತ್ತವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಂಥ ನಗರದಲ್ಲೇ ಸಾವಿರಾರು ಸರ್ಕಾರಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಮುಗಿಬಿದ್ದರು. ಮಲೆನಾಡು, ಕರಾವಳಿಯ ಮನೆಗಳು ಒತ್ತಾಗಿಲ್ಲ. ಗುಡ್ಡಕ್ಕೊಂದು, ಕಣಿವೆಗೊಂದು ಚದುರಿವೆ. ಅಂಥ ಕಡೆ ಕೊನೆಯ ಹತ್ತು ಮನೆಗಳಿಗೆ ಪೈಪು ಎಳೆದು ನೀರು ಏರಿಸುವ ಖರ್ಚು, ನಂತರ ಅದನ್ನು ವರ್ಷ ವರ್ಷ ನಡೆಸುವ ಖರ್ಚು, ಆ ಮನೆಗಳ ಬಾವಿಯನ್ನೇ ಸರಿಪಡಿಸುವ ಖರ್ಚಿಗಿಂತ ಹೆಚ್ಚಾಗುವ ಸಂದರ್ಭಗಳು ಖಂಡಿತ ಇವೆ. 2024ಕ್ಕೆ ಮುಗಿಯಬೇಕಿದ್ದ ಜಲ ಜೀವನ್ ಮಿಷನ್ನಿನ ಅವಧಿ 2028ರವರೆಗೆ ಮುಂದೆ ಹೋಗಿದೆ. ಕಾಯುವ ವರ್ಷಗಳಲ್ಲಿ ಬಾವಿ ಆಸರೆ, ನಲ್ಲಿ ಬಂದ ಮೇಲೆ ಅದು ಬರಗಾಲದ ವಿಮೆ.

ಹಣ ಎಲ್ಲಿಂದ, ಸೋರಿಕೆ ತಡೆಯುವುದು ಹೇಗೆ ಎಂಬುದು ಉಳಿದ ಪ್ರಶ್ನೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ನ್ನು ನೈರ್ಮಲ್ಯ, ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ ಮೀಸಲಿಟ್ಟಿತ್ತು. ಪಂಚಾಯಿತಿಯ ಮಟ್ಟದಲ್ಲಿ ನೀರಿಗೆಂದೇ ಹಣ ಕಟ್ಟಿಡುವ ಪದ್ಧತಿ ಹೊಸದಲ್ಲ. ಮನೆಬಾವಿಯನ್ನೂ ಆ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಬೇಕಾಗಿದೆ, ಅಷ್ಟೆ. ಸೋರಿಕೆಯ ಭಯ ಆಧಾರವಿಲ್ಲದ್ದಲ್ಲ. ಕೊರೆದ ಕೊಳವೆಬಾವಿಗೆ ಪಂಪು, ವಿದ್ಯುತ್ ಸಂಪರ್ಕ ಬರಲು ವರ್ಷಗಟ್ಟಲೆ ಕಾದ ಫಲಾನುಭವಿಗಳ ದೂರು ಹಳೆಯದು. ಅಡಿಗಳ ಲೆಕ್ಕದಲ್ಲಿ ಹಣ ಕೊಡುವ ಕಡೆ ಆಳ ಸುಳ್ಳಾಗಬಹುದು. ನೆಲದೊಳಗೆ ಇಳಿದು ನೋಡುವವರಿಲ್ಲ. ತೆರೆದ ಬಾವಿಯನ್ನು ಮಾತ್ರ ಹಗ್ಗ ಇಳಿಬಿಟ್ಟು ಯಾರು ಬೇಕಾದರೂ ಅಳೆಯಬಹುದು, ಗ್ರಾಮಸಭೆಯ ಎದುರೇ ಅಳೆಯಬಹುದು. ಐರ್ಲೆಂಡಿನಲ್ಲಿ ಕೆಲಸ ಮುಗಿದ ಮೇಲೆ ಹಣ ಕೊಡುತ್ತಾರೆ. ನಮ್ಮ ಬಡ ಕುಟುಂಬಗಳಿಗೆ ಮೊದಲು ಕೈಯಿಂದ ಹಾಕುವ ಶಕ್ತಿ ಇಲ್ಲದ್ದರಿಂದ ಇಲ್ಲಿ ಹಂತ ಹಂತವಾಗಿ ನೇರ ಅವರ ಖಾತೆಗೇ ಹಣ ಬರಬೇಕು. ಕೊನೆಯ ಕಂತನ್ನು ನೀರಿನ ಪರೀಕ್ಷಾ ವರದಿ ಬಂದ ಮೇಲೆ ಕೊಡಬೇಕು. ಪಂಚಾಯಿತಿ ಒಪ್ಪಿದ ಜಾಗದಲ್ಲಿ, ಭೂವಿಜ್ಞಾನಿಯ ಸಲಹೆಯಂತೆ ತೋಡಿಯೂ ನೀರು ಬಾರದಿದ್ದರೆ ಆ ನಷ್ಟ ಸರ್ಕಾರದ್ದಾಗಬೇಕೇ ಹೊರತು ಕುಟುಂಬದ ಸಾಲವಾಗಬಾರದು.

ಇದಕ್ಕೆಲ್ಲ ಹೊಸ ಇಲಾಖೆಯಾಗಲಿ ಹೊಸ ಭವನವಾಗಲಿ ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಮನೆಬಾವಿಗಳ ಒಂದು ದಾಖಲೆ ಇಡಲಿ: ಬಾವಿ ಎಷ್ಟು ಆಳ, ಏಪ್ರಿಲಿನಲ್ಲಿ ಎಷ್ಟು ನೀರು, ಶೌಚಗುಂಡಿ ಎಷ್ಟು ದೂರ, ಪರೀಕ್ಷೆ ಏನು ಹೇಳಿತು. ಆ ದಾಖಲೆ ಮುಂದಿದ್ದರೆ ಮೊದಲು ಯಾರಿಗೆ ಕೊಡಬೇಕು, ಯಾವ ಕೆಲಸಕ್ಕೆ ಕೊಡಬೇಕು ಎಂಬುದು ಶಿಫಾರಸಿನಿಂದಲ್ಲ, ನೀರಿನ ಮಟ್ಟದಿಂದ ತೀರ್ಮಾನವಾಗುತ್ತದೆ. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದು 1991ರಲ್ಲೇ ಸುಪ್ರೀಂ ಕೋರ್ಟ್ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಕ್ಕು ಎಂದು ಒಪ್ಪಿದ ಮೇಲೆ ಅದು ನಲ್ಲಿಯ ಮೂಲಕ ಬಂದರೆ ಮಾತ್ರ ಸರ್ಕಾರದ ಹೊಣೆ, ಬಾವಿಯಿಂದ ಬಂದರೆ ಮನೆಯವರ ಹಣೆಬರಹ ಎನ್ನಲು ಬರುವುದಿಲ್ಲ. ಸೂರಿಗೂ ಶೌಚಾಲಯಕ್ಕೂ ಸಲ್ಲಿಸಿದ ಕರ್ತವ್ಯವನ್ನು ಸರ್ಕಾರ ಹಿತ್ತಲ ಬಾವಿಗೂ ಸಲ್ಲಿಸಬೇಕು. ಎಷ್ಟು ತೂತು ಕೊರೆಯಲಾಯಿತೆಂದು ಎಣಿಸದೆ, ಮೇ ತಿಂಗಳಲ್ಲಿ ಎಷ್ಟು ಮನೆಗಳಿಗೆ ತಮ್ಮದೇ ಬಾವಿಯಲ್ಲಿ ಕುಡಿಯುವ ನೀರಿತ್ತೆಂದು ಎಣಿಸಬೇಕು.